ದೊಡ್ಡಪ್ಪನ ಟ್ರ್ಯಾಕ್ಟರಿಗೆ ನೀರಿನ ಎಂಜಿನ್

ನಾನು ಚಿಕ್ಕವಳಿದ್ದಾಗ ನನಗೆ ರಾತ್ರಿಯ ಭಯ ಇರಲಿಲ್ಲ, ಮಧ್ಯಾಹ್ನದ ಭಯ ಇತ್ತು. ನಗಬೇಡಿ. ರಾತ್ರಿ ಬಚ್ಚಲಿಗೆ ಹೋಗಲು ಮನೆಯ ಎಲ್ಲ ದೀಪ ಹಾಕುವ ನಿಮ್ಮಂಥ ಮೊಮ್ಮಕ್ಕಳಿಗೆ ನನ್ನನ್ನು ನೋಡಿ ನಗುವ ಹಕ್ಕಿಲ್ಲ.

ಆಗ ತಾರ್ನಾಕದಲ್ಲಿ ಮೆಟ್ರೋ ಕಂಬಗಳಿರಲಿಲ್ಲ, ಇಷ್ಟು ಮನೆಗಳೂ ಇರಲಿಲ್ಲ. ನಮ್ಮ ಮನೆಯ ಹಿಂದೆ, ಯೂನಿವರ್ಸಿಟಿಯ ಕಡೆಗೆ, ಒಂದು ದೊಡ್ಡ ಮಾವಿನ ತೋಟವಿತ್ತು. ತೋಟದೊಳಗೆ ಸಸಿ ಮಾರುವ ನರ್ಸರಿ, ಒಂದು ಬಾವಿ, ತಗಡಿನ ಶೆಡ್ಡು, ಶೆಡ್ಡಿನ ಪಕ್ಕದಲ್ಲಿ ಎರಡು ಖೋಲಿಯ ಮನೆ. ಆ ಮನೆಯಲ್ಲಿ ನಮ್ಮ ದೊಡ್ಡಪ್ಪ, ದೊಡ್ಡವ್ವ ಇರುತ್ತಿದ್ದರು. ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ. ಅಣ್ಣತಮ್ಮ ಇಬ್ಬರೂ ಬೀದರ್ ಕಡೆಯಿಂದ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಬಂದವರು. ಅಪ್ಪ ನಾಚಾರಂನ ಒಂದು ಕಾರ್ಖಾನೆಯಲ್ಲಿ ನೀರಿನ ಎಂಜಿನ್ ಕೂಡಿಸುವ ಕೆಲಸಕ್ಕೆ ಸೇರಿದ. ಬಾವಿಯಿಂದ ನೀರೆತ್ತುವ ಡೀಸೆಲ್ ಎಂಜಿನ್‌ಗೆ ಆಗ ಎಲ್ಲರೂ ನೀರಿನ ಎಂಜಿನ್ ಅನ್ನುತ್ತಿದ್ದರು. ದೊಡ್ಡಪ್ಪ ತೋಟದ ಟ್ರ್ಯಾಕ್ಟರ್ ಹಿಡಿದ. ಅವರಿಗೆ ಮಕ್ಕಳಿರಲಿಲ್ಲ, ಹಾಗಾಗಿ ನಾನೂ ಅಕ್ಕನೂ ಆ ಮನೆಯಲ್ಲೇ ಹೆಚ್ಚು ಬೆಳೆದೆವು.

ಟ್ರ್ಯಾಕ್ಟರ್ ಅಂದರೆ ಹೊಲ ಉಳುವ ದೊಡ್ಡದಲ್ಲ. ತೋಟದ ಓಣಿಗಳಲ್ಲಿ ಗೊಬ್ಬರ, ಮಣ್ಣು, ಸಸಿಯ ಕುಂಡ ಎಳೆಯುವ ಕುಳ್ಳ ಗಾಡಿ. ಮುಂದೆ ಪೆಟ್ರೋಲಿನ ಚಿಕ್ಕ ಎಂಜಿನ್, ಹಿಂದೆ ಎರಡು ಸ್ಪ್ರಿಂಗಿನ ಮೇಲೆ ತಟ್ಟೆಯಂಥ ಕಬ್ಬಿಣದ ಸೀಟು. ದೊಡ್ಡಪ್ಪನಿಗೆ ಬಲಗಾಲು ಸರಿಯಿರಲಿಲ್ಲ. ಯಾವಾಗಲೂ ಎಡಕ್ಕೆ ವಾಲಿಕೊಂಡು ಕೂರುತ್ತಿದ್ದ. ದೂರದಿಂದ ಬರೀ ಬೆನ್ನು ಕಂಡರೂ ಅವನೇ ಎಂದು ಗೊತ್ತಾಗುತ್ತಿತ್ತು.

ಮಧ್ಯಾಹ್ನ ಹನ್ನೆರಡಕ್ಕೆ ನಾಚಾರಂ ಕಡೆಯಿಂದ ಕಾರ್ಖಾನೆಯ ಊಟದ ಹೊತ್ತಿನ ಭೋಂಗಾ, ಅಂದರೆ ಸೈರನ್, ಕೂಗುತ್ತಿತ್ತು. ಅದು ನಿಂತ ಮೇಲೆ ತೋಟ ಬೇರೆಯೇ ಆಗುತ್ತಿತ್ತು. ಕಾಗೆಗಳೂ ಬಾಯಿ ಮುಚ್ಚುತ್ತಿದ್ದವು. ಒಣಗಿದ ಮಾವಿನೆಲೆ ಬಿದ್ದರೆ ಯಾರೋ ಹಿಂದೆ ಹೆಜ್ಜೆ ಇಟ್ಟಂತೆ ಕೇಳುತ್ತಿತ್ತು. ಹನ್ನೆರಡರಿಂದ ಎರಡರವರೆಗೆ ಬಾವಿಯೊಳಗೆ ಇಣುಕಬಾರದು, ಇಣುಕಿದರೆ ಒಳಗಿನದೂ ನಮ್ಮನ್ನು ನೋಡಿಬಿಡುತ್ತದೆ ಎಂದು ಅಕ್ಕ ಹೇಳಿದ್ದಳು. ಒಳಗಿನದು ಎಂದರೆ ಏನು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ದೊಡ್ಡಪ್ಪ ಸತ್ತದ್ದೂ ಅಂಥ ಒಂದು ಮಧ್ಯಾಹ್ನವೇ. ಗಾಡಿ ಓಡಿಸುತ್ತಿದ್ದಾಗಲೇ ಎದೆ ನಿಂತಿತ್ತಂತೆ. ಗಾಡಿ ತಾನಾಗಿ ಹೋಗಿ ಒಂದು ಮರದ ಕಟ್ಟೆಗೆ ಮೂಗು ಒತ್ತಿ ನಿಂತಿತು. ಎಂಜಿನ್ ಮಾತ್ರ ನಿಲ್ಲಲಿಲ್ಲ. ದೊಡ್ಡವ್ವ ಮನೆಯಲ್ಲಿ ರೊಟ್ಟಿ ಬಡಿದು, ತಾಟು ಹಾಕಿಕೊಂಡು ಕಾಯುತ್ತ ಕೂತಿದ್ದಳು. ಅವರ ಕಾಲದ ಹೆಂಗಸರು ಗಂಡ ಉಂಡ ಮೇಲೆಯೇ ಉಣ್ಣುತ್ತಿದ್ದರು, ಅದರಲ್ಲಿ ದೊಡ್ಡವ್ವ ಒಂದು ದಿನವೂ ತಪ್ಪಿದವಳಲ್ಲ. ತೋಟದ ಆ ಮೂಲೆಯಿಂದ ಎಂಜಿನ್ ಸದ್ದು ಬರುತ್ತಲೇ ಇತ್ತು. ಇನ್ನೂ ಕೆಲಸ ಮಾಡುತ್ತಿದ್ದಾರೆ, ಬರುತ್ತಾರೆ ಎಂದುಕೊಂಡಳು. ಎರಡು ಗಂಟೆಯ ಹೊತ್ತಿಗೆ ಎಂಜಿನ್ ಕಾದು, ಕೀರಲು ದನಿ ಮಾಡಿ, ಜಾಮ್ ಆಗಿ ನಿಂತಿತು. ಆಗ ಅವಳು ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ ನೋಡಲು ಹೋದಳು.

ಅಂದಿನಿಂದ ದೊಡ್ಡವ್ವನಿಗೆ ಮಧ್ಯಾಹ್ನದ ಊಟ ಇಳಿಯಲಿಲ್ಲ. ಬೆಳಿಗ್ಗೆ ಚಹಾ, ಸಂಜೆ ಒಂದಿಷ್ಟು ಮಜ್ಜಿಗೆ, ಅಷ್ಟೇ. ಅವ್ವ ಹೋಗಿ ಎದುರು ಕೂತು ಕಾಡಿದರೆ, “ಅವರದು ಊಟ ಇನ್ನಾ ಆಗಿಲ್ಲವ್ವಾ” ಎಂದು ಮೆಲ್ಲಗೆ ಹೇಳಿ ತಾಟು ಸರಿಸುತ್ತಿದ್ದಳು. ಕೈಬಳೆ ತೆಗೆದ ಮಣಿಕಟ್ಟು ದಿನದಿನಕ್ಕೆ ಸಣ್ಣಗಾಯಿತು. ಡಾಕ್ಟರು ಟಾನಿಕ್ ಬರೆದುಕೊಟ್ಟರು, ಶೀಶೆ ಗೂಡಿನಲ್ಲಿ ಹಾಗೇ ಇತ್ತು. ಹೀಗೇ ಹೋದರೆ ಮಳೆಗಾಲ ಕಾಣುವುದಿಲ್ಲ ಎಂದು ಅವ್ವ ಅಪ್ಪನಿಗೆ ಹೇಳಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಆವತ್ತು ನಾನೂ ಊಟ ಮಾಡಲಿಲ್ಲ.

ತೋಟದ ಯಜಮಾನರಿಗೆ ಮಳೆ ಶುರುವಾಗುವುದರೊಳಗೆ ಗಾಡಿ ಓಡಬೇಕಿತ್ತು. ಹೊಸ ಡ್ರೈವರ್ ಒಬ್ಬನನ್ನು ಗೊತ್ತು ಮಾಡಿಯೂ ಆಗಿತ್ತು. ಜಾಮ್ ಆದ ಎಂಜಿನ್ ಬಿಚ್ಚಿ ನೋಡಿದರೆ ಒಳಗೆ ಏನೂ ಉಳಿದಿರಲಿಲ್ಲ. ಆ ಕಂಪನಿಯ ಸಾಮಾನು ಆಗಲೇ ಸಿಗುತ್ತಿರಲಿಲ್ಲ. ಗುಜರಿಗೆ ಹಾಕೋಣ ಎಂದರು. ಅಪ್ಪ, “ನಮ್ಮ ಅಣ್ಣನ ಗಾಡಿ ರಿ, ನಾ ಜೀವ ತುಂಬತೀನಿ ಬಿಡ್ರಿ” ಎಂದು ಒಪ್ಪಿಕೊಂಡುಬಿಟ್ಟ. ಕಾರ್ಖಾನೆಯಿಂದ ಒಂದು ಹಳೆಯ ನೀರಿನ ಎಂಜಿನ್ ಎತ್ತಿನಗಾಡಿಯ ಮೇಲೆ ಬಂತು. ಒಂದೇ ಸಿಲಿಂಡರಿನದು, ಪಕ್ಕದಲ್ಲಿ ಒಂದು ದಪ್ಪ ಚಕ್ರ. ನೋಡಲು ಗೂಳಿಯ ಹಾಗೆ ಕುತ್ತಿಗೆ ಬಗ್ಗಿಸಿಕೊಂಡು ಕೂತಿತ್ತು.

ಬೇರೆ ಎಂಜಿನ್ ಕೂಡಿಸುವುದು ನೀವು ಫೋನಿಗೆ ಹೊಸ ಕವರ್ ಹಾಕಿದ ಹಾಗಲ್ಲ. ಹಳೆಯ ಎಂಜಿನ್ನಿನ ತೂತುಗಳಿಗೂ ಹೊಸದರ ಕಾಲುಗಳಿಗೂ ತಾಳೆಯೇ ಇರಲಿಲ್ಲ. ಅಪ್ಪ ಚೌಕಟ್ಟಿನ ಮೇಲೆ ಅಡ್ಡಲಾಗಿ ಎರಡು ಕಬ್ಬಿಣದ ಪಟ್ಟಿ ಹಾಕಿದ. ವೆಲ್ಡಿಂಗ್ ಅಂಗಡಿಯ ಚಾಚಾ ಬಂದು ಬೆಸೆದುಕೊಟ್ಟ. ಎತ್ತರ ಸಾಲದ ಕಡೆ ತಗಡಿನ ತುಂಡು ಇಟ್ಟರು. ಎಂಜಿನ್ನಿನ ಬೆಲ್ಟಿನ ಗಾಲಿಯಿಂದ ಗಾಡಿಯ ಗೇರ್ ಪೆಟ್ಟಿಗೆಯ ಗಾಲಿಗೆ ಬೆಲ್ಟು ನೇರ ಬರಬೇಕು, ಇಲ್ಲವಾದರೆ ಕಿತ್ತು ಬರುತ್ತದೆ. ಅದಕ್ಕೆ ಅಪ್ಪ ಎರಡೂ ಗಾಲಿಗಳ ಮುಖಕ್ಕೆ ದಾರ ಹಿಡಿದು, ಒಂದು ಕಣ್ಣು ಮುಚ್ಚಿ, ಗಂಟೆಗಟ್ಟಲೆ ನೋಡಿದ. ಕೊನೆಗೆ ನಾಲ್ಕು ಬೋಲ್ಟು ಹಾಕಿ, ಬೋಲ್ಟು ತಿರುಗಿಸುವ ಪಾನಾಕ್ಕೆ ಹಿಡಿ ಉದ್ದವಾಗಲೆಂದು ಪೈಪು ಸಿಕ್ಕಿಸಿ, ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಳ್ಳುವ ಹಾಗೆ ಬಿಗಿದ. ನೀರಿನ ಎಂಜಿನ್ ಕೂಡಿಸುವವರು ಹಾಗೆಯೇ ಬಿಗಿಯುತ್ತಾರೆ. ಅವರು ಬಿಗಿಯುವುದು ಭೂಮಿಯೊಳಗೆ ಇಳಿದ ಸಿಮೆಂಟ್ ಕಟ್ಟೆಗೆ. ಗಾಡಿ ಕಟ್ಟೆಯಲ್ಲ ಎನ್ನುವುದು ಅಷ್ಟು ವರ್ಷ ಕಟ್ಟೆಯ ಮೇಲೆಯೇ ಕೆಲಸ ಮಾಡಿದ ಅಪ್ಪನಿಗೆ ಹೊಳೆಯಲೇ ಇಲ್ಲ.

ಎಂಜಿನ್ ಹಚ್ಚಿದ್ದು ಒಂದು ಮಧ್ಯಾಹ್ನ, ಭೋಂಗಾ ಕೂಗಿದ ಸ್ವಲ್ಪ ಹೊತ್ತಿಗೆ. ಅಪ್ಪ ಹ್ಯಾಂಡಲ್ ತಿರುಗಿಸಿದ. ಎಂಜಿನ್ ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ, ದಡದಡ ಹತ್ತಿತು. ತಗಡಿನ ಶೆಡ್ಡು ಪೂರ್ತಿ ನಡುಗಿತು. ಅಪ್ಪ ಮುಂದುಗಡೆ ಬಗ್ಗಿಕೊಂಡು ವೇಗ ತಗ್ಗಿಸುತ್ತಿದ್ದ. ಚಾಚಾ ಬಾವಿಯ ಕಡೆಯಿಂದ ಕೈ ತೊಳೆದುಕೊಂಡು ಬಂದವನು ಶೆಡ್ಡಿನ ಬಾಗಿಲಲ್ಲಿ ನಿಂತುಬಿಟ್ಟ.

“ಸೀಟ್ ಪೋ ಕೌನ್ ಬೈಠಾ ಹೈ ಭಾಯ್?” ಎಂದ. ಸೀಟಿನ ಮೇಲೆ ಯಾರು ಕೂತಿದ್ದಾರೆ ಎಂದು ಕೇಳಿದ.

ಯಾರೂ ಕೂತಿರಲಿಲ್ಲ. ಆದರೆ ಸೀಟು ಕೆಳಗಿಳಿಯುತ್ತಿತ್ತು. ನಾನು ಕಣ್ಣಾರೆ ನೋಡಿದೆ. ಮೊದಲು ಎಡಕ್ಕೆ ವಾಲಿತು. ಭಾರದವರು ಕೂತಾಗ ಇಳಿಯುವಂತೆ ಇಳಿಯಿತು, ಆಮೇಲೆ ಅಲ್ಲೇ ಮೇಲೆ ಕೆಳಗೆ, ಮೇಲೆ ಕೆಳಗೆ ಆಡತೊಡಗಿತು. ಗಾಡಿ ಓಡಿಸುವಾಗ ದೊಡ್ಡಪ್ಪ ಹೀಗೆಯೇ ಕುಲುಕುತ್ತಿದ್ದ. ಅಕ್ಕ ನನ್ನ ಕೈಯನ್ನು ಎಷ್ಟು ಜೋರಾಗಿ ಹಿಡಿದಳೆಂದರೆ ಬೆರಳಿನ ಗುರುತು ಸಂಜೆಯವರೆಗೆ ಇತ್ತು. ಅಪ್ಪ ತಲೆಯೆತ್ತಿ ನೋಡಿದ. ಅವನ ಮುಖದ ಬಣ್ಣವೇ ಹೋಯಿತು. ಕೈ ಚಾಚಿ ಎಂಜಿನ್ ನಿಲ್ಲಿಸಿದ. ಸೀಟು ಇನ್ನೂ ನಾಲ್ಕು ಸಲ ಕುಲುಕಿ, ನಿಧಾನವಾಗಿ ಮೇಲೆದ್ದು ನಿಂತಿತು, ಯಾರೋ ಇಳಿದುಹೋದ ಹಾಗೆ.

ಹಿಂದಿನಿಂದ ಒಂದು ದನಿ ಬಂತು. “ಯಾಕ ನಿಲ್ಲಿಸಿದಿ?”

ದೊಡ್ಡವ್ವ. ಎಷ್ಟೋ ದಿನಗಳ ಮೇಲೆ ಮನೆಯ ಹೊಸ್ತಿಲು ದಾಟಿ ಬಂದಿದ್ದಳು. ಕೈಯಲ್ಲಿ ತಾಟು ಇತ್ತು. ಅದರಲ್ಲಿ ಜೋಳದ ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಲೆ. ಎಂಜಿನ್ ಸದ್ದು ಕೇಳಿ ಹಾಕಿಕೊಂಡು ಬಂದಿದ್ದಳೋ ಏನೋ. ತಾಟನ್ನು ಸೀಟಿನ ಪಕ್ಕದ ಪೆಟ್ಟಿಗೆಯ ಮೇಲೆ ಇಟ್ಟು, “ಹಚ್ಚು” ಎಂದಳು. ಅಪ್ಪ ಹಚ್ಚಿದ. ಇನ್ನೇನು ಮಾಡಿಯಾನು? ಸೀಟು ಮತ್ತೆ ಎಡಕ್ಕೆ ವಾಲಿ ಇಳಿಯಿತು. ದೊಡ್ಡವ್ವ ನೆಲದ ಮೇಲೆ ಕಾಲು ಮಡಚಿ ಕೂತು, ಕಣ್ಣು ಮಿಟುಕಿಸದೆ ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ಅಪ್ಪನಿಗೆ ಸಾಕು ಎಂದು ಕೈ ಮಾಡಿದಳು. ಎಂಜಿನ್ ನಿಂತ ಮೇಲೆ ತಾಟು ತೆಗೆದುಕೊಂಡು, “ಅವರದಾತು” ಎಂದು ತಾನು ಉಣ್ಣತೊಡಗಿದಳು. ಒಂದಿಡೀ ರೊಟ್ಟಿ ತಿಂದಳು. ನಮಗೆ ಅಳು ಬರುತ್ತಿತ್ತು. ಅದು ಸಂತೋಷಕ್ಕೋ ಹೆದರಿಕೆಗೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅಂದಿನಿಂದ ಅದೇ ನೇಮವಾಯಿತು. ಅಪ್ಪ ದಿನಾ ಮಧ್ಯಾಹ್ನ ನಾಚಾರಂನಿಂದ ಸೈಕಲ್ ತುಳಿದುಕೊಂಡು ಬಂದು ಎಂಜಿನ್ ಹಚ್ಚುವುದು, ಸೀಟು ಇಳಿಯುವುದು, ದೊಡ್ಡವ್ವ ಉಣ್ಣುವುದು. ಬೇಸಿಗೆ ರಜೆಯಾದ್ದರಿಂದ ನಾವೂ ಹೋಗುತ್ತಿದ್ದೆವು. ದೊಡ್ಡವ್ವನ ಕೆನ್ನೆಯ ಮೇಲೆ ಸ್ವಲ್ಪ ರಕ್ತ ಕಂಡಿತು. ಆದರೆ ನಾನು ಸೀಟಿನ ಎದುರುಗಡೆಗೆ ಒಮ್ಮೆಯೂ ಹೋಗಲಿಲ್ಲ. ಎದುರಿನಿಂದ ನೋಡಿದರೆ ಬೆನ್ನಿನ ಬದಲು ಮುಖ ಕಾಣುತ್ತದೆ ಎಂದು ಅಕ್ಕ ಕಿವಿಯಲ್ಲಿ ಹೇಳಿಬಿಟ್ಟಿದ್ದಳು, ಪುಣ್ಯಾತ್ಗಿತ್ತಿ. ದೊಡ್ಡವ್ವ ಮಾತ್ರ ಎದುರಿಗೇ ಕೂರುತ್ತಿದ್ದಳು, ಕೆಲವು ಸಲ ಸೆರಗು ಸರಿಮಾಡಿಕೊಂಡು ಸಣ್ಣಗೆ ನಗುತ್ತಿದ್ದಳು. ಆ ನಗು ನೋಡಿದರೆ ನನಗೆ ಬೆನ್ನಿನಲ್ಲಿ ಚಳಿ ಹುಟ್ಟುತ್ತಿತ್ತು. ಹೊರಗೆ ನೋಡಿದರೆ ಕಣ್ಣು ಬಿಡಲಾಗದ ಬಿಸಿಲು.

ಒಂದು ದಿನ ಅಪ್ಪ ಬೇಗ ಬಂದ. ಬೋಲ್ಟಿನ ಹತ್ತಿರ ಚೌಕಟ್ಟಿಗೆ ಸೀಮೆಎಣ್ಣೆ ಸವರಿ, ಒಣಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದ. ಬಿಳಿ ಪುಡಿಯ ಮೇಲೆ ಕೂದಲಿನಷ್ಟು ಸಣ್ಣ ಕಪ್ಪು ಗೆರೆಯೊಂದು ತಾನಾಗಿ ಮೂಡಿಬಂತು. ಕಬ್ಬಿಣ ಸೀಳಿದ್ದರೆ ಸೀಳಿನೊಳಗಿನ ಎಣ್ಣೆ ಹೀಗೆ ಹೊರಗೆ ಬರುತ್ತದಂತೆ. ಗೆರೆಯ ತುದಿಗೆ ಅಪ್ಪ ಮೊಳೆಯಿಂದ ಗೀರು ಹಾಕಿದ. ಮರುದಿನ ಪುಡಿ ಹಾಕಿ ನೋಡಿದರೆ ಗೆರೆ ಗೀರನ್ನು ದಾಟಿ ಒಂದು ಬೆರಳು ಮುಂದೆ ಹೋಗಿತ್ತು. ದೊಡ್ಡವ್ವನ ಒಂದೊಂದು ಊಟಕ್ಕೂ ಗಾಡಿ ಅಷ್ಟಷ್ಟು ಸೀಳುತ್ತಿತ್ತು.

ಸಂಜೆ ಮನೆಗೆ ನಡೆದು ಬರುವಾಗ ಅಪ್ಪ ಸೈಕಲ್ ತಳ್ಳುತ್ತ ನಮಗೆ ಬಿಡಿಸಿ ಹೇಳಿದ. “ನಾ ಸಿಮೆಂಟ್ ಕಟ್ಟಿಗೆ ಬಿಗಿದಂಗ ಬಿಗಿದೇನಿ. ಅದರ ನಡುಕ ಎಲ್ಲಾ ಗಾಡಿಗೆ ಹೊಂಟೈತಿ. ಗಾಡಿಯಿಂದ ಸೀಟಿಗೆ. ಅಣ್ಣ ಅಷ್ಟು ವರ್ಷ ಎಡಕ್ಕ ಕುಂತು ಕುಂತು ಆ ಸ್ಪ್ರಿಂಗ್ ಸೋತೈತಿ, ಅದಕ್ಕ ಎಡಕ್ಕ ವಾಲತೈತಿ. ಮತ್ತೇನಿಲ್ಲ.” ಸೈಕಲ್ ನಿಲ್ಲಿಸಿ, “ಡ್ರೈವರ್ ಬಂದು ಕುಂತಾಗ ಚೌಕಟ್ಟು ಮುರದು ಎಂಜಿನ್ ಹಾರಿದರ, ಇನ್ನೊಬ್ಬರ ಮನಿ ಹಾಳು” ಎಂದ. ಅಕ್ಕ, “ಹಂಗಾದ್ರ ಸರಿ ಮಾಡು” ಎಂದಳು. “ಸರಿ ಮಾಡಿದರ ಸೀಟು ಅಳ್ಳಾಡೂದಿಲ್ಲವ್ವಾ” ಎಂದ ಅಪ್ಪ. ಗಾಡಿ ಸರಿಹೋದರೆ ದೊಡ್ಡವ್ವ ಉಣ್ಣುವುದಿಲ್ಲ, ಇದು ನನಗೂ ಅರ್ಥವಾಗಿತ್ತು.

ನಾಲ್ಕು ದಿನ ಅಪ್ಪ ನಾಳೆ ನಾಳೆ ಎಂದು ತಳ್ಳಿದ. ಐದನೆಯ ದಿನ ಗೆರೆ ಚೌಕಟ್ಟಿನ ಅಂಚು ಮುಟ್ಟಿತು. ಅವತ್ತು ಬೆಳಿಗ್ಗೆಯೇ ಚಾಚಾನನ್ನು ಕರೆದು ಸೀಳು ಬೆಸೆಸಿದ. ಹಳೆಯ ಲಾರಿ ಟೈರು ಕೊಯ್ದು ನಾಲ್ಕು ದಪ್ಪ ತುಂಡು ಮಾಡಿ ಎಂಜಿನ್ನಿನ ನಾಲ್ಕು ಕಾಲಿನ ಕೆಳಗೆ ಇಟ್ಟ. ಬೋಲ್ಟು ಕೂಡ ಕಬ್ಬಿಣಕ್ಕೆ ತಾಗದಂತೆ ಸುತ್ತಲೂ ರಬ್ಬರು ಸುತ್ತಿದ. ಮತ್ತೆ ದಾರ ಹಿಡಿದು ಗಾಲಿಗಳ ನೇರ ನೋಡಿದ. ಬೋಲ್ಟು ಬಿಗಿಯುವಾಗ ಅವನ ಕಣ್ಣಲ್ಲಿ ನೀರಿತ್ತು. ಹೊಗೆಗೆ ಎಂದ. ಎಂಜಿನ್ ಇನ್ನೂ ಹಚ್ಚಿಯೇ ಇರಲಿಲ್ಲ.

ಭೋಂಗಾ ಕೂಗಿತು. ದೊಡ್ಡವ್ವ ತಾಟು ಹಿಡಿದು ಬಂದಳು, ಪೆಟ್ಟಿಗೆಯ ಮೇಲೆ ಇಟ್ಟಳು, ಎದುರಿಗೆ ಕೂತಳು. ಅಪ್ಪ ಹ್ಯಾಂಡಲ್ ತಿರುಗಿಸಿದ. ಎಂಜಿನ್ ಹತ್ತಿತು. ಆದರೆ ಅದೇ ಎಂಜಿನ್ ಎಂದು ಹೇಳಲು ಬರುತ್ತಿರಲಿಲ್ಲ, ಅಷ್ಟು ಮೆತ್ತಗಿತ್ತು ಸದ್ದು. ಶೆಡ್ಡಿನ ತಗಡು ನಡುಗಲಿಲ್ಲ. ಎಂಜಿನ್ ತನ್ನ ರಬ್ಬರಿನ ಮೇಲೆ ತಾನೊಂದೇ ತೂಗುತ್ತಿತ್ತು. ಸೀಟು ಅಲುಗಲಿಲ್ಲ. ಬರೀ ಖಾಲಿ ಕಬ್ಬಿಣ. ಅದು ಅಲುಗಾಡುವಾಗ ಹೆದರುತ್ತಿದ್ದ ನನಗೆ ಅದು ಸುಮ್ಮನೆ ನಿಂತದ್ದನ್ನು ನೋಡಿ ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ದೊಡ್ಡವ್ವ ಬಹಳ ಹೊತ್ತು ನೋಡಿದಳು. ಅಪ್ಪ ಅತ್ತಿಗೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, “ವೈನಿ, ಅದು ಎಂಜಿನ್ ನಡುಕ ಇತ್ತು ರಿ. ನಂದಽ ತಪ್ಪು. ನಿಮಗ ಮೊದಲಽ ಹೇಳಬೇಕಿತ್ತು” ಎಂದ.

“ನನಗ ಗೊತ್ತಿಲ್ಲೇನಪಾ?” ಎಂದಳು ದೊಡ್ಡವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. “ಸತ್ತವರು ಬಂದು ರೊಟ್ಟಿ ತಿಂತಾರೇನು? ನನಗೇನು ಹುಚ್ಚು ಹಿಡದೈತೇನು? ಆದರ ಎದರಿಗೆ ಏನೂ ಇಲ್ಲದಂಗ ಒಬ್ಬಾಕೇ ಹೆಂಗ ಉಣ್ಣಲಿ, ಹೇಳು.” ಅಷ್ಟು ಹೇಳಿ ತಾಟು ಎತ್ತಿಕೊಳ್ಳಲು ಕೈ ಚಾಚಿದಳು, ಒಳಗೆ ಒಯ್ದು ಮುಚ್ಚಿಡಲು. ಹಾಗೆ ಮುಚ್ಚಿಟ್ಟ ತಾಟನ್ನು ನಾನು ಆ ಮನೆಯಲ್ಲಿ ಎಷ್ಟೋ ದಿನ ನೋಡಿದ್ದೆ.

ನಾನು ಏನು ಯೋಚಿಸಿದೆ ಎಂದು ಕೇಳಬೇಡಿ, ಯೋಚಿಸಿರಲಿಲ್ಲ. ಓಡಿಹೋಗಿ, ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟು, ಆ ಸೀಟಿನ ಮೇಲೆ ಹತ್ತಿ ಕೂತುಬಿಟ್ಟೆ. ದೊಡ್ಡಪ್ಪ ಹೋದ ಮೇಲೆ ಅಲ್ಲಿ ಯಾರೂ ಕೂತಿರಲಿಲ್ಲ. ಅಕ್ಕ ಕಿಟಾರನೆ ಕಿರುಚಿದಳು. ಸೀಟು ನನ್ನ ಕೆಳಗೆ ಎಡಕ್ಕೆ ವಾಲಿತು, ಮೆಲ್ಲಗೆ, ಮಗುವನ್ನು ಸೊಂಟಕ್ಕೆ ಎತ್ತಿಕೊಂಡವರು ವಾಲುವಂತೆ. ಮತ್ತೆ, ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆ ಹೇಳುತ್ತೇನೆ. ಆ ಕಬ್ಬಿಣ ಬೆಚ್ಚಗಿತ್ತು. ಎಂಜಿನ್ ಹಚ್ಚಿ ಆಗಿನ್ನೂ ಎರಡು ನಿಮಿಷ, ಅದೂ ಮುಂದೆ ಮಾರು ದೂರದಲ್ಲಿ. ಶೆಡ್ಡಿನ ಆ ಮೂಲೆಗೆ ಬಿಸಿಲು ಬೀಳುತ್ತಿರಲಿಲ್ಲ. ಯಾರೋ ಈಗಷ್ಟೇ ಎದ್ದು ನನಗೆ ಜಾಗ ಬಿಟ್ಟುಕೊಟ್ಟಷ್ಟು ಬೆಚ್ಚಗಿತ್ತು.

ಆದರೂ ಪೆಟ್ಟಿಗೆಯ ಮೇಲಿನ ತಾಟು ಎಳೆದುಕೊಂಡು ರೊಟ್ಟಿ ಮುರಿದೆ. ದೊಡ್ಡವ್ವನನ್ನೇ ನೋಡುತ್ತ ಬಾಯಿಗಿಟ್ಟೆ. ಪುಂಡಿಪಲ್ಲೆಯ ಹುಳಿಗೆ ಕಣ್ಣು ಮುಚ್ಚಿಹೋಯಿತು, ನಾನು ಪುಂಡಿಪಲ್ಲೆ ತಿನ್ನುವವಳೇ ಅಲ್ಲ. ಅರ್ಧ ರೊಟ್ಟಿ ಮುಗಿಸಿ, “ದೊಡ್ಡವ್ವಾ, ನಂದಾತು. ನೀ ಉಣ್ಣು” ಎಂದೆ.

ದೊಡ್ಡವ್ವ ನನ್ನನ್ನು ನೋಡಿದಳು. ಅವಳು ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು, ದೊಡ್ಡಪ್ಪನನ್ನು ಒಯ್ದ ದಿನವೂ ಅತ್ತಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, “ಪಲ್ಲೆ ಎಲ್ಲಾ ಹಂಗಽ ಬಿಟ್ಟಿಯಲ್ಲ, ನಿನ್ನ ದೊಡ್ಡಪ್ಪ ಹಿಂಗ ಬಿಡತಿದ್ದಿಲ್ಲ” ಎಂದು ಗದರಿಸಿ, ತಾಟು ತೆಗೆದುಕೊಂಡು ಉಳಿದದ್ದನ್ನು ಉಂಡಳು. ಅಪ್ಪ ಎಂಜಿನ್ ನಿಲ್ಲಿಸುವುದನ್ನೇ ಮರೆತು ಗೋಡೆಗೆ ಒರಗಿ ನಿಂತಿದ್ದ.

ಆ ರಜೆ ಮುಗಿಯುವವರೆಗೆ ದಿನವೂ ದೊಡ್ಡವ್ವನ ಜೊತೆ ಉಂಡೆ. ಮಳೆ ಶುರುವಾದ ಮೇಲೆ ಹೊಸ ಡ್ರೈವರ್ ಬಂದ. ಬೆಸುಗೆಯೂ ಬೋಲ್ಟೂ ಗಟ್ಟಿಯಾಗಿದ್ದವು, ನೀರಿನ ಎಂಜಿನ್ ಹೊತ್ತುಕೊಂಡು ಆ ಗಾಡಿ ಬಹಳ ವರ್ಷ ಗೊಬ್ಬರ ಎಳೆಯಿತು. ಡ್ರೈವರಿಗೂ ಎಡಕ್ಕೆ ವಾಲಿ ಕೂರುವುದು ರೂಢಿಯಾಯಿತು. ಶಾಲೆ ಶುರುವಾದಾಗ ದೊಡ್ಡವ್ವನನ್ನು ನಮ್ಮ ಮನೆಗೇ ಕರೆತಂದೆವು. ಅವಳು ನನ್ನ ಮದುವೆಯ ಊಟವನ್ನೂ ಉಂಡು, ಹೋಳಿಗೆ ದಪ್ಪವಾಗಿದೆ ಎಂದು ಕೊಂಕು ತೆಗೆದು, ಆಮೇಲೆ ಹೋದಳು.

ಆ ತೋಟ ಈಗ ಇಲ್ಲ. ನೀವು ಟ್ಯೂಷನ್ನಿಗೆ ಹೋಗುವ ಕಟ್ಟಡ ನಿಂತಿರುವುದು ಅಲ್ಲೇ. ನಿಮ್ಮ ಲೋಕದಲ್ಲಿ ಕೆಟ್ಟ ಗಾಡಿಗೆ ಬೇರೆ ಎಂಜಿನ್ ಕೂಡಿಸುವವರು ಯಾರೂ ಇಲ್ಲ, ಬೆರಳು ಒತ್ತಿದರೆ ಹೊಸದೇ ಮನೆಬಾಗಿಲಿಗೆ ಬರುತ್ತದೆ. ಊಟವೂ ಹಾಗೇ ಡಬ್ಬಿಯಲ್ಲಿ ಬರುತ್ತದೆ. ಒಬ್ಬ ಸೋಫಾದ ಮೇಲೆ, ಒಬ್ಬಳು ಮಂಚದ ಮೇಲೆ, ಯಾರ ಊಟ ಯಾವಾಗ ಆಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಗಂಡ ಉಣ್ಣುವವರೆಗೆ ಹೆಂಡತಿ ಕಾಯುವ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ನಾನೇ ಕಾಯಲಿಲ್ಲ, ಹಸಿದಾಗ ಉಂಡೆ. ನಿಮ್ಮ ಅಜ್ಜ ತಡವಾಗಿ ಬಂದರೆ ತಾವೇ ಬಡಿಸಿಕೊಳ್ಳುತ್ತಿದ್ದರು.

ಆದರೆ ಅಜ್ಜ ಹೋದ ಮೇಲೆ ಊಟದ ಮೇಜಿನ ಹತ್ತಿರ ಅವರ ಕುರ್ಚಿಯಲ್ಲಿ ನೀವಿಬ್ಬರೂ ಕೂತಿಲ್ಲ. ಅದಕ್ಕೆ ಸುತ್ತು ಹಾಕಿಕೊಂಡು ಗೋಡೆಗೆ ತಾಗಿ ಹೋಗುತ್ತೀರಿ. ನನಗೆ ಕಾಣುವುದಿಲ್ಲ ಎಂದುಕೊಂಡಿದ್ದೀರಿ, ನನ್ನ ಕಣ್ಣು ಅಷ್ಟೇನೂ ಕೆಟ್ಟಿಲ್ಲ. ನಿಮ್ಮ ಹೆದರಿಕೆಗೆ ನಾನು ಬೈಯುವುದಿಲ್ಲ, ನನಗೂ ಆ ಹೆದರಿಕೆ ಗೊತ್ತು. ನಾಳೆ ಭಾನುವಾರ, ಮಧ್ಯಾಹ್ನ ಅನ್ನ ಸಾರು ಮಾಡುತ್ತೇನೆ. ನಿಮ್ಮಲ್ಲಿ ಯಾರಾದರೂ ಒಬ್ಬರು ಬಂದು ಆ ಕುರ್ಚಿಯಲ್ಲಿ ಕೂತು ಉಣ್ಣಿ. ಫೋನ್ ಹಿಡಿದುಕೊಂಡೇ ಬಂದರೂ ನಡೆಯುತ್ತದೆ. ನನಗೆ ಒಬ್ಬಳಿಗೇ ಊಟ ಇಳಿಯುತ್ತಿಲ್ಲ.